ಜಲಸಂಗ್ವಿಯ ಹುಡುಗಿ, ನನ್ನ ಮಣ್ಣಿನ ಕೈ

ಚಿತ್ರಕಲಾ ಕ್ಲಾಸಿನಲ್ಲಿ ಜೇಡಿಮಣ್ಣಿನಿಂದ ಹೆಣ್ಣೊಬ್ಬಳ ಮೂರ್ತಿ ಮಾಡಿದ್ದೆ. ಒಣಗುವಾಗಲೇ ಚಾಚಿದ ಕೈ ಬಿರುಕು ಬಿಟ್ಟು ಉದುರಿಹೋಯ್ತು. ತೆಳ್ಳಗಿನ ಕೈ ಬೇಗ ಒಣಗಿ ಕುಗ್ಗುತ್ತೆ, ದಪ್ಪ ಮೈ ಇನ್ನೂ ಹಸಿಯಾಗೇ ಇರುತ್ತೆ. ಎರಡರ ಜಗಳ ಭುಜದಲ್ಲಿ! ಸರ್ ಬೈಯಲಿಲ್ಲ. "ಹುಮನಾಬಾದ್ ಬಾಜೂಕೇ ಜಲಸಂಗ್ವಿ ಅದ, ಹೋಗಿ ನೋಡಿ ಬಾ" ಅಂದ್ರು.

ಬಸವಕಲ್ಯಾಣದಿಂದ ಬಸ್ ಹತ್ತಿ ಹೋದೆ. ಕಲ್ಯಾಣ ಚಾಲುಕ್ಯರ ಕಾಲದ ಶಿವಾಲಯ, ಹೊರಗೋಡೆಯ ತುಂಬ ಮದನಿಕೆಯರು. ಅವರಲ್ಲೊಬ್ಬಳು ಶಾಸನ ಬರೀತಾ ನಿಂತಿದ್ದಾಳೆ. ಬರೀತಿರೋದು ಆರನೇ ವಿಕ್ರಮಾದಿತ್ಯನನ್ನು (1076-1126) ಹೊಗಳುವ ಸಂಸ್ಕೃತ ಪದ್ಯ. ರಾಜನ ಹೊಗಳಿಕೆ ಬಿಡಿ, ನಾನು ನೋಡಿದ್ದು ಅವಳ ಕೈ. ಅದು ಗಾಳಿಯಲ್ಲಿ ತೇಲ್ತಿಲ್ಲ, ಕಲ್ಲಿಗೇ ಒರಗಿದೆ. ಒಂಬೈನೂರು ವರ್ಷ ಉಳಿದಿರೋದು ಹಾಗೆ.

ಮದನಿಕೆ ಅಂದ್ರೆ ಎಲ್ಲರೂ 1117ರ ಬೇಲೂರು ಅಂತಾರೆ. ಆಗ ಹೊಯ್ಸಳರು ನಮ್ಮ ಕಲ್ಯಾಣದ ಸಾಮಂತರು ಕಣ್ರೀ! (ಊರಿನ ಅಭಿಮಾನ, ಕ್ಷಮಿಸಿ.)

ಕಲ್ಲಿಗೆ ರಾಜರಿದ್ರು, ಮಣ್ಣಿಗೆ? ಇಲ್ಲಿನ ಶರಣರಲ್ಲಿ ಕುಂಬಾರ ಗುಂಡಯ್ಯ ಇದ್ದ. ಅವನು ಮಡಕೆ ತಟ್ಟುವ ಸದ್ದಿಗೆ ಶಿವನೇ ಕುಣಿದ ಅಂತ ಹರಿಹರ ರಗಳೆಯಲ್ಲಿ ಹೇಳ್ತಾನೆ.

ಈ ವಾರ ಮತ್ತೆ ಮೂರ್ತಿ ಮಾಡಿದೆ. ಕೈಯನ್ನು ಸೊಂಟಕ್ಕೆ ಒರಗಿಸಿ, ಒದ್ದೆ ಬಟ್ಟೆ ಸುತ್ತಿಟ್ಟಿದ್ದೀನಿ. ಇನ್ನೂ ಬಿರುಕು ಬಿಟ್ಟಿಲ್ಲ.