ಕಾಳು ಯಾರಿಗೆ?

ಆಂಟಾಪ್ ಹಿಲ್‌ನ ನಮ್ಮ ಅಡುಗೆಮನೆ ಕಿಟಕಿಯ ಗ್ರಿಲ್‌ನಲ್ಲಿ ತುಳಸಿ, ಕರಿಬೇವು, ದಾಸವಾಳದ ಕುಂಡಗಳಿವೆ. ನಮ್ಮ ಕೈತೋಟ ಅಷ್ಟೇ. ಮೂಲೆಯಲ್ಲಿ ಅಮ್ಮ ಒಂದು ಮಣ್ಣಿನ ತಟ್ಟೆಯಲ್ಲಿ ಅಕ್ಕಿನುಚ್ಚು ಇಡುತ್ತಿದ್ದಳು, ಗುಬ್ಬಿಗೂ ಅಳಿಲಿಗೂ ಎಂದು. ಬರುತ್ತಿದ್ದದ್ದು ಮಾತ್ರ ಪಾರಿವಾಳ. ಪಕ್ಕದ ಮನೆಯ ಕಾಕೂಗೆ ಉಬ್ಬಸ. 'ಆ ತಟ್ಟೆ ತೆಗೀತೀಯಾ ಬಾಳ?' ಎಂದು ಅವರು ಕೇಳಿದ ಮೇಲೆ ಮುಂಬೈಯ ಕಾಳಿನ ಚರಿತ್ರೆ ಓದತೊಡಗಿದೆ.

ಈ ಊರಿನಲ್ಲಿ ಪ್ರಾಣಿದಯೆ ಎಂದೂ ಬರೀ ಮನೆಯೊಳಗಿನ ವಿಷಯವಾಗಿರಲಿಲ್ಲ. 1832ರಲ್ಲಿ ಬೀದಿನಾಯಿಗಳನ್ನು ಕೊಲ್ಲುವ ಸರ್ಕಾರಿ ಆಜ್ಞೆಯ ವಿರುದ್ಧ ಪಾರ್ಸಿಗಳು ದಂಗೆಯೆದ್ದರು. ಎರಡು ವರ್ಷದ ಮೇಲೆ, 1834ರಲ್ಲಿ, ಜಮ್ಶೆಟ್ಜಿ ಜೀಜೀಭಾಯ್ ಮತ್ತು ಮೋತಿಚಂದ್ ಅಮಿಚಂದ್ ಪಾಂಜರಾಪೋಳ ಸ್ಥಾಪಿಸಿದರು. ವ್ಯಾಪಾರಿಗಳ ದಾನದಿಂದ ನಡೆಯುವ ಇದೇ ಪರಂಪರೆಯಲ್ಲಿ ಕಬೂತರ್‌ಖಾನೆಗಳೂ ಬಂದವು. ದಾದರಿನದು 1933ರ ಕಾರಂಜಿ. ಆಮೇಲೆ ಅದರ ಸುತ್ತಲಿನ ಜಾಗ ಕಾಳು ಹಾಕುವ ತಾಣವಾಯಿತು.

ಹೆಸರು ಪರ್ಷಿಯನ್. ನಮ್ಮ ಕಾರ್ಖಾನೆ, ದವಾಖಾನೆಗಳ 'ಖಾನೆ'ಯೇ ಇಲ್ಲೂ ಇದೆ. ಇರಾನಿನ ಇಸ್ಫಹಾನ್ ಸುತ್ತ ಇದೇ ಹೆಸರಿನ ಮಣ್ಣಿನ ಗೋಪುರಗಳಿದ್ದವು. ಅಲ್ಲಿ ಹಕ್ಕಿಗಳಿಗೆ ಗೂಡು ಸಿಗುತ್ತಿತ್ತು, ಮೇವನ್ನು ಅವು ಹೊಲಗಳಲ್ಲೇ ಹುಡುಕಿಕೊಳ್ಳುತ್ತಿದ್ದವು. ರೈತರಿಗೆ ಬೇಕಿದ್ದದ್ದು ಹಿಕ್ಕೆ, ಕಲ್ಲಂಗಡಿ ಹೊಲಕ್ಕೆ ಗೊಬ್ಬರವಾಗಿ. ಮುಂಬೈಯಲ್ಲಿ ಎಲ್ಲ ತಿರುಗುಮುರುಗು: ನಾವು ಕಾಳು ಕೊಡುತ್ತೇವೆ, ಹಿಕ್ಕೆ ಯಾರಿಗೂ ಬೇಡ. ಒಣಗಿದ ಹಿಕ್ಕೆ ಮತ್ತು ಗರಿಯ ಧೂಳು ಕೆಲವರ ಶ್ವಾಸಕೋಶದಲ್ಲಿ ಅಲರ್ಜಿಯ ಉರಿಯೂತ ತರುತ್ತದೆ.

2025ರ ಜುಲೈನಲ್ಲಿ ನಗರದ 51 ಕಬೂತರ್‌ಖಾನೆಗಳನ್ನು ಮುಚ್ಚುವುದಾಗಿ ಸರ್ಕಾರ ವಿಧಾನ ಪರಿಷತ್ತಿನಲ್ಲಿ ಹೇಳಿತು. ವಿಷಯ ಹೈಕೋರ್ಟಿಗೂ ಹೋಯಿತು. ಆಗಸ್ಟಿನಲ್ಲಿ ಪಾಲಿಕೆ ದಾದರಿನದಕ್ಕೆ ಟಾರ್ಪಾಲು ಹೊದಿಸಿತು; ಕೆಲವೇ ದಿನಗಳಲ್ಲಿ ಪ್ರತಿಭಟನಕಾರರು ಅದನ್ನು ಕಿತ್ತರು. ಟೀವಿಯಲ್ಲಿ ಇದು ಜೈನರು ಮತ್ತು ಮರಾಠಿಗರ ಜಗಳವಾಗಿಬಿಟ್ಟಿತು. ಹಕ್ಕಿಯ ಬಗ್ಗೆ ಮಾತಾಡಿದವರು ಕಡಿಮೆ.

ಹಕ್ಕಿಯದೇ ಬೇರೆ ಕತೆ. ಪಾರಿವಾಳ ಮೂಲತಃ ಬಂಡೆಯ ಹಕ್ಕಿ, ಎಸಿ ಪೆಟ್ಟಿಗೆಯ ಮೇಲಿನ ಜಾಗ ಅದಕ್ಕೆ ಬಂಡೆಯ ಸಂದು. ತಾಯಿ-ತಂದೆ ಇಬ್ಬರೂ ಗಂಟಲಚೀಲದಲ್ಲಿ ಹಾಲಿನಂಥ ದ್ರವ ತಯಾರಿಸಿ ಮರಿಗೆ ಉಣಿಸುತ್ತವೆ. ಹಾಗಾಗಿ ಕಾಳೊಂದಿದ್ದರೆ ವರ್ಷವಿಡೀ ಮರಿ ಮಾಡಬಲ್ಲವು. ಗುಬ್ಬಿ ತಾನು ಕಾಳು ತಿಂದರೂ ಪುಟ್ಟ ಮರಿಗೆ ಹುಳವನ್ನೇ ತರಬೇಕು. ಅಕ್ಕಿ ಎಷ್ಟು ಸುರಿದರೂ ಹುಳ ಸಿಗದ ಕಡೆ ಗುಬ್ಬಿಮರಿ ಬದುಕುವುದು ಕಷ್ಟ. ಅಮ್ಮನ ತಟ್ಟೆ ಗುಬ್ಬಿಯ ಹೆಸರಿನಲ್ಲಿ ಪಾರಿವಾಳವನ್ನೇ ಸಾಕುತ್ತಿತ್ತು.

ಅಮ್ಮ ಸುಲಭಕ್ಕೆ ಒಪ್ಪಲಿಲ್ಲ. 'ಹಸಿದು ಬಂದದ್ದಕ್ಕೆ ಇಲ್ಲ ಅನ್ನೋದಾ?' ಅಂದಳು. ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಕಾಕೂ ರಾತ್ರಿ ಕೆಮ್ಮುವುದು ಅವಳಿಗೂ ಕೇಳಿಸುತ್ತದೆ. ಒಂದು ಬೆಳಗ್ಗೆ ತಾನೇ ತಟ್ಟೆ ಒಳಗಿಟ್ಟಳು. ನಾನು ಗಿಡಗಳಿಗೆ ಔಷಧಿ ಹೊಡೆಯುವುದು ನಿಲ್ಲಿಸಿದೆ. ಕರಿಬೇವಿನ ತುಂಬ ಈಗ ಚಿಟ್ಟೆಯ ಹಸಿರು ಹುಳ. ಸಾರಿನ ಒಗ್ಗರಣೆಗೆ ಒಂದೆಸಳೂ ಉಳಿದಿಲ್ಲವೆಂದು ಅಮ್ಮ ದಿನಾ ಗೊಣಗುತ್ತಾಳೆ.