ನಿದ್ದೆ ಬರಿಸಿದವನ ಹೊಣೆ

ಕೂಲಿಗೆಂದೋ, ಕಚೇರಿಗೆಂದೋ, ಆಸ್ಪತ್ರೆಗೆಂದೋ ಪಣಜಿಗೆ ಹೋಗಿ ಬಂದವರು ಮಾಂಡವಿ ನದಿಯ ದಂಡೆಯ ಹಳೆಯ ಸಚಿವಾಲಯವನ್ನು ನೋಡಿಯೇ ಇರುತ್ತೀರಿ. ವಿಜಾಪುರದ ಆದಿಲಶಾಹಿ ಅರಮನೆ ಅದು. ಆ ಮಟ್ಟಿಗೆ ನಮ್ಮ ಕಡೆಯದೇ ಅನ್ನಿ. ಅದರ ಪಕ್ಕದಲ್ಲಿ ಒಂದು ಕಂಚಿನ ಪ್ರತಿಮೆಯಿದೆ. ನಿಲುವಂಗಿಯ ಪಾದ್ರಿಯೊಬ್ಬ ಎರಡೂ ಕೈ ಚಾಚಿ ನಿಂತಿದ್ದಾನೆ. ಅವನ ಕೈಗಳ ಕೆಳಗೆ ಹೆಂಗಸೊಬ್ಬಳು ಹಿಂದಕ್ಕೆ ಒರಗಿ ಬೀಳುತ್ತಿದ್ದಾಳೆ. ಮೊದಲ ಸಲ ಕಂಡವರು ಯಾರೋ ಮಾಟಗಾರನೆಂದೇ ತಿಳಿಯುತ್ತಾರೆ. ಗೋವೆಯವರೇ ಆದ ಶಿಲ್ಪಿ ರಾಮಚಂದ್ರ ಪಾಂಡುರಂಗ ಕಾಮತರು ಮಾಡಿದ ಈ ಪ್ರತಿಮೆ ಅಲ್ಲಿ ನಿಂತದ್ದು 1945ರಲ್ಲಿ. ಪಾದ್ರಿಯ ಹೆಸರು ಜೊಸೆ ಕುಸ್ತೋದಿಯೊ ಫಾರಿಯಾ. ಲೋಕಕ್ಕೆ ಅವನು ಅಬ್ಬೆ ಫಾರಿಯಾ.

ಅವನು ಹುಟ್ಟಿದ್ದು 1756ರ ಮೇ 31ರಂದು, ಬಾರ್ದೇಶದ ಕಾಂದೋಳಿಯಲ್ಲಿ. ಬಸ್ಸಿನ ಬೋರ್ಡಿನ ಮೇಲೆ ಕ್ಯಾಂಡೋಲಿಮ್ ಎಂದಿರುತ್ತದಲ್ಲ, ಅದೇ ಊರು. ತಂದೆತಾಯಿಗೆ ಸರಿಹೊಂದದೆ ಇಬ್ಬರೂ ಬೇರೆಯಾದರು. ತಾಯಿ ಹಳೆಗೋವೆಯ ಸಾಂತಾ ಮೋನಿಕಾ ಮಠ ಸೇರಿ ಸನ್ಯಾಸಿನಿಯಾದಳು, ತಂದೆ ಕಾಯೆತಾನೊ ವಿತೊರಿನೊ ಪಾದ್ರಿಯಾದ. 1771ರಲ್ಲಿ ಹದಿನೈದು ವರ್ಷದ ಮಗನನ್ನು ಕಟ್ಟಿಕೊಂಡು ತಂದೆ ಲಿಸ್ಬನ್ನಿಗೆ ಹಡಗು ಹತ್ತಿದ. ಮುಂದೆ ಮಗ ರೋಮಿನಲ್ಲಿ ಓದಿ 1780ರಲ್ಲಿ ದೀಕ್ಷೆ ಪಡೆದ.

ಕೊಂಕಣಿ ಬಲ್ಲವರಿಗೆ ಇಲ್ಲೊಂದು ಕಥೆ ಗೊತ್ತಿರುತ್ತದೆ. ಪೋರ್ಚುಗಲ್ಲಿನ ರಾಣಿಯ ಸಮ್ಮುಖದಲ್ಲಿ ಪ್ರವಚನ ಮಾಡಲು ಎದ್ದುನಿಂತ ತರುಣ ಫಾರಿಯಾ ಆ ದೊಡ್ಡ ಸಭೆ ಕಂಡು ಗಕ್ಕನೆ ನಿಂತುಬಿಟ್ಟನಂತೆ. ನಾಲಿಗೆ ಹೊರಳಲಿಲ್ಲ. ಕೆಳಗೆ ಕೂತಿದ್ದ ತಂದೆ ಮೆಲ್ಲಗೆ, "ಹಿ ಸಗ್ಳಿ ಭಾಜಿ, ಕಾತರ್ ರೇ ಭಾಜಿ" ಎಂದನಂತೆ. ಇವೆಲ್ಲ ತರಕಾರಿ ಕಣೋ, ಕೊಚ್ಚು ತರಕಾರಿ! ಮಗನ ಹೆದರಿಕೆ ಹಾರಿಹೋಗಿ ಮಾತು ನೀರಿನಂತೆ ಹರಿಯಿತು. ದಾಖಲೆಯ ಮಾತಲ್ಲ, ಹೇಳಿಕೆಯ ಮಾತು. ಆದರೂ ಗೋವೆಯವರು ಇದನ್ನು ಬಿಡದೆ ಹೇಳುತ್ತಾರೆ. ಒಬ್ಬರ ಒಂದು ನುಡಿ ಇನ್ನೊಬ್ಬರ ಮೈಯೊಳಗೆ ಏನು ಮಾಡಬಲ್ಲದು ಎಂಬುದನ್ನು ಅವನು ಮೊದಲು ಕಲಿತದ್ದು ಆ ದಿನವೇ ಎಂದು ಅವರ ತರ್ಕ.

1787ರಲ್ಲಿ ಗೋವೆಯಲ್ಲಿ ಪಿಂತೊ ದಂಗೆಯ ಸಂಚು ಬಯಲಾಯಿತು. ಪೋರ್ಚುಗೀಸರ ವಿರುದ್ಧ ಕಾಂದೋಳಿಯ ಪಿಂತೊ ಮನೆತನದವರೂ ಸ್ಥಳೀಯ ಪಾದ್ರಿಗಳೂ ಕೂಡಿ ಹೂಡಿದ ಸಂಚು ಅದು. ಸಂಶಯದ ಕಣ್ಣು ಲಿಸ್ಬನ್ನಿನಲ್ಲಿದ್ದ ಫಾರಿಯಾ ತಂದೆಮಕ್ಕಳ ಮೇಲೂ ಬಿತ್ತು. ಮಗ ಫ್ರಾನ್ಸಿಗೆ ಹೋದ, ಅಲ್ಲಿನ ಮಹಾಕ್ರಾಂತಿಯನ್ನು ಕಣ್ಣಾರೆ ಕಂಡ, ಅದರಲ್ಲಿ ಕೈಯನ್ನೂ ಹಾಕಿದ. ಆ ಕಥೆ ದೊಡ್ಡದು, ಇಂದು ಬೇಡ. ನಮಗೆ ಬೇಕಾದದ್ದು 1813. ಆ ವರ್ಷ ಪ್ಯಾರಿಸಿನ ಕ್ಲಿಶಿ ಬೀದಿಯಲ್ಲಿ ಅವನು ಜನರನ್ನು ಕೂರಿಸಿ ನಿದ್ದೆ ಬರಿಸುವ ಪ್ರಯೋಗಗಳನ್ನು ಬಹಿರಂಗವಾಗಿ ತೋರಿಸತೊಡಗಿದ.

ಅದಕ್ಕೂ ಮೊದಲು ಈ ವಿದ್ಯೆ ಮೆಸ್ಮರ್ ಎಂಬ ವೈದ್ಯನ ಹೆಸರಿನಲ್ಲಿ ನಡೆಯುತ್ತಿತ್ತು. ತನ್ನ ಮೈಯಿಂದ ಒಂದು ಕಾಣದ ಆಯಸ್ಕಾಂತ ದ್ರವ ಹರಿದು ರೋಗಿಯನ್ನು ಹೊಗುತ್ತದೆ ಎಂದು ಮೆಸ್ಮರ್ ಹೇಳುತ್ತಿದ್ದ. ನೀರು ತುಂಬಿದ ಮರದ ತೊಟ್ಟಿ, ಅದರಿಂದ ಹೊರಟ ಕಬ್ಬಿಣದ ಸಲಾಕೆಗಳು, ಮೈಮೇಲೆ ಕೈಯಾಡಿಸುವುದು, ಇದೆಲ್ಲ ಅವನ ಸಾಮಗ್ರಿ. 1784ರಲ್ಲಿ ಫ್ರಾನ್ಸಿನ ದೊರೆ ನೇಮಿಸಿದ ಸಮಿತಿ, ಅದರಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ನನೂ ಇದ್ದ, ಅಂಥ ದ್ರವವೇ ಇಲ್ಲ, ಎಲ್ಲವೂ ಕಲ್ಪನೆಯ ಕೆಲಸ ಎಂದು ತೀರ್ಪಿತ್ತಿತು. ಇದೇ ಸಮಿತಿ ದೊರೆಗೆ ಗುಟ್ಟಾಗಿ ಇನ್ನೊಂದು ವರದಿಯನ್ನೂ ಕೊಟ್ಟಿತ್ತು. ಆ ಸ್ಥಿತಿಯಲ್ಲಿರುವ ಹೆಂಗಸನ್ನು ಚಿಕಿತ್ಸಕ ದುರುಪಯೋಗ ಮಾಡಿಕೊಳ್ಳಬಹುದು ಎಂಬ ಎಚ್ಚರಿಕೆ ಅದು.

ಫಾರಿಯಾ ತೊಟ್ಟಿ, ಸಲಾಕೆ ಎರಡನ್ನೂ ಬಿಟ್ಟ. ಮನುಷ್ಯನನ್ನು ಕುರ್ಚಿಯ ಮೇಲೆ ಹಾಯಾಗಿ ಕೂರಿಸುವುದು, ಕಣ್ಣು ಮುಚ್ಚಿ ನಿದ್ದೆಯನ್ನೇ ನೆನೆಯಲು ಹೇಳುವುದು, ಆಮೇಲೆ ಗಟ್ಟಿದನಿಯಲ್ಲಿ "ನಿದ್ರಿಸು" ಎನ್ನುವುದು, ಇಷ್ಟೇ. ಅವನ ವಾದ ಇನ್ನೂ ದಿಟ್ಟವಾದದ್ದು. ಶಕ್ತಿ ನನ್ನಲ್ಲಿಲ್ಲ, ಮಲಗುವವನಲ್ಲಿದೆ; ಅವನ ಮನಸ್ಸು ಒಪ್ಪದಿದ್ದರೆ ನಾನು ಏನೂ ಮಾಡಲಾರೆ ಎಂದ. ರಕ್ತ ತೆಳುವಾಗಿರುವವರಿಗೆ ಈ ನಿದ್ದೆ ಬೇಗ ಹತ್ತುತ್ತದೆ ಎಂದೂ ಅವನು ನಂಬಿದ್ದ, ಅದು ತಪ್ಪು. ಆದರೆ ಮುಖ್ಯ ಮಾತು ನಿಂತಿತು. ಮುಂದೆ ನಾನ್ಸಿ ಪಟ್ಟಣದ ವೈದ್ಯ ಬೆರ್ನ್‌ಹೈಮ್ ಅವನನ್ನು ಸೂಚನಾಶಕ್ತಿಯ ತತ್ತ್ವಕ್ಕೆ ಮೂಲಪುರುಷನೆಂದು ಒಪ್ಪಿಕೊಂಡ.

ಶಕ್ತಿ ನನ್ನದಲ್ಲ ಎನ್ನುವವನನ್ನು ನೋಡಲು ಯಾರು ಹಣ ಕೊಟ್ಟು ಬರುತ್ತಾರೆ, ನೀವೇ ಹೇಳಿ! ಮೆಸ್ಮರನ ಶಿಷ್ಯರು ಮುನಿದರು, ಇದು ಸೈತಾನನ ಕೆಲಸವೆಂದು ಧರ್ಮದವರು ಮುನಿದರು. ನಟನೊಬ್ಬ ನಿದ್ದೆ ಬಂದವನಂತೆ ನಟಿಸಿ, ನಡುವೆ ಕಣ್ಣು ಬಿಟ್ಟು ಅವನ ಮಾನ ಕಳೆದ. 1816ರಲ್ಲಿ ಪ್ಯಾರಿಸಿನ ರಂಗದ ಮೇಲೆ ಅವನನ್ನು ಅಣಕಿಸುವ ಪ್ರಹಸನವೇ ಬಂತು.

ಅದೇ 1816ರ ಮಳೆಹಿಡಿದ ಬೇಸಿಗೆಯಲ್ಲಿ ಜಿನೀವಾ ಸರೋವರದ ಬಳಿ ಹದಿನೆಂಟರ ಹುಡುಗಿಯೊಬ್ಬಳು ದೆವ್ವದ ಕಥೆ ಬರೆಯಲು ಕೂತಿದ್ದಳು. ಮುಂದೆ ಮೇರಿ ಶೆಲ್ಲಿ ಎಂದು ಹೆಸರಾದವಳು. 1818ರಲ್ಲಿ ಹೊರಬಂದ ಅವಳ ಫ್ರಾಂಕೆನ್‌ಸ್ಟೈನ್ ಕಾದಂಬರಿಯಲ್ಲಿ ವಿಕ್ಟರ್ ಎಂಬ ವಿದ್ಯಾರ್ಥಿ ಹೆಣಗಳ ಭಾಗಗಳಿಂದ ಒಂದು ಜೀವವನ್ನು ಮಾಡುತ್ತಾನೆ. ಅದು ಕಣ್ಣು ಬಿಟ್ಟೊಡನೆ ಅಸಹ್ಯಪಟ್ಟು ಓಡಿಹೋಗುತ್ತಾನೆ. ನಮ್ಮ ಯಕ್ಷಗಾನ ನೋಡಿದವರಿಗೆ ಇದು ಹೊಸದಲ್ಲ. ಕುಮಟಾದ ಕಡೆ ಯಾಣದ ಬಂಡೆಗಳನ್ನು ತೋರಿಸಿ ಹೇಳುವ ಭಸ್ಮಾಸುರನ ಕಥೆಯಲ್ಲಿ ವರ ಕೊಟ್ಟ ಶಿವನೇ ಓಡುತ್ತಾನೆ. ಆದರೆ ಭಸ್ಮಾಸುರ ದುರುಳ. ವಿಕ್ಟರನ ಜೀವ ಹುಟ್ಟುವಾಗ ದುಷ್ಟವಲ್ಲ. ಹಿಮದ ಬೆಟ್ಟದ ಮೇಲೆ ಅದು ತನ್ನನ್ನು ಮಾಡಿದವನನ್ನು ತಡೆದು ನಿಲ್ಲಿಸಿ ಲೆಕ್ಕ ಕೇಳುತ್ತದೆ: ನನ್ನನ್ನು ಮಾಡಿ ಬಿಟ್ಟುಹೋದೆಯಲ್ಲ, ಈಗ ನನಗೆ ಯಾರು ಗತಿ ಎಂದು.

ಫಾರಿಯಾನ ಮಾತನ್ನು ಇದರ ಪಕ್ಕದಲ್ಲಿಟ್ಟರೆ ಒಂದು ತೊಡಕು ಕಾಣುತ್ತದೆ. ಶಕ್ತಿ ಮಲಗುವವನದೇ ಎಂದರೆ ದೊಡ್ಡಸ್ತಿಕೆ ಬಿಟ್ಟಂತಾಯಿತು, ನಿಜ. ಹೊಣೆಯನ್ನೂ ಬಿಟ್ಟಂತಾಯಿತೇ? ನಿದ್ರಿಸು ಎಂಬ ನುಡಿ ಹೇಳಿದವನದೇ ಅಲ್ಲವೇ? 1890ರಲ್ಲಿ ಇದು ಪ್ಯಾರಿಸಿನ ನ್ಯಾಯಾಲಯಕ್ಕೇ ಬಂತು. ಗೂಫೆ ಎಂಬ ಅಧಿಕಾರಿಯ ಕೊಲೆಯಲ್ಲಿ ಸಿಕ್ಕಿಬಿದ್ದ ಗಾಬ್ರಿಯೆಲ್ ಬೊಂಪಾರ್ ಎಂಬ ತರುಣಿಯ ಪರವಾಗಿ, ಅವಳ ಸಂಗಾತಿ ಅವಳನ್ನು ಸಂಮೋಹನದಲ್ಲಿ ಆಡಿಸಿದ ಎಂದು ವಾದ ಹೂಡಿದರು. ನಾನ್ಸಿಯಿಂದ ಬಂದ ಪಂಡಿತನೊಬ್ಬ ಹಾಗೆ ಆಗಬಲ್ಲದು ಎಂದು ಸಾಕ್ಷ್ಯ ನುಡಿದ. ನ್ಯಾಯಾಲಯ ಒಪ್ಪಲಿಲ್ಲ. ಸಂಗಾತಿಗೆ ಮರಣದಂಡನೆ, ಅವಳಿಗೆ ಇಪ್ಪತ್ತು ವರ್ಷ.

ವಿಚಿತ್ರವೆಂದರೆ, ನಮ್ಮ ಫಾರಿಯಾ ಹೇಳದೆ ಬಿಟ್ಟ ಮಾತನ್ನು ಅವನ ಹೆಸರು ಹೊತ್ತ ಇನ್ನೊಬ್ಬ ಹೇಳಿದ. ಅಲೆಕ್ಸಾಂಡರ್ ಡ್ಯೂಮಾ 1844ರಿಂದ 1846ರವರೆಗೆ ಬರೆದ ಮಾಂಟೆ ಕ್ರಿಸ್ಟೊ ಕಾದಂಬರಿಯಲ್ಲಿ ಅಬ್ಬೆ ಫಾರಿಯಾ ಎಂಬ ಮುದಿ ಕೈದಿಯಿದ್ದಾನೆ. ಡ್ಯೂಮಾ ಹೆಸರನ್ನು ಮಾತ್ರ ತೆಗೆದುಕೊಂಡು ಅವನನ್ನು ಇಟಲಿಯವನನ್ನಾಗಿ ಮಾಡಿದ. ಸಮುದ್ರದ ನಡುವಿನ ಸೆರೆಮನೆಯಲ್ಲಿ, ಏನೂ ಅರಿಯದ ತರುಣ ನಾವಿಕ ದಾಂತೆಸನಿಗೆ ಈ ಮುದುಕ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ, ನಿನಗೆ ದ್ರೋಹ ಬಗೆದವರು ಇಂಥಿಂಥವರು ಎಂದು ಬಿಡಿಸಿ ತೋರಿಸುತ್ತಾನೆ. ಆಮೇಲೆ ಹುಡುಗನ ಮುಖ ನೋಡಿ ಬೆಚ್ಚುತ್ತಾನೆ. ಇಲ್ಲದಿದ್ದ ಸೇಡನ್ನು ಇವನ ಎದೆಯಲ್ಲಿ ನಾನೇ ಬಿತ್ತಿದೆನಲ್ಲ ಎಂದು ಪರಿತಪಿಸುತ್ತಾನೆ. ವಿಕ್ಟರನಂತೆ ಓಡುವುದಿಲ್ಲ, ಓಡಲು ಎಡೆಯೂ ಇಲ್ಲ ಬಿಡಿ. ಅವನಿಗೆ ಭಾಷೆ, ಗಣಿತ, ಇತಿಹಾಸ ಕಲಿಸುತ್ತಾ ಸಾಯುವತನಕ ಜೊತೆಗಿರುತ್ತಾನೆ. ಆದರೂ ಸೇಡು ಬೆಳೆಯಿತು. ಕಡೆಗೆ ಒಬ್ಬ ಎಳೆಯ ಬಾಲಕ ಅದಕ್ಕೆ ಬಲಿಯಾದಾಗ, ಶ್ರೀಮಂತನಾಗಿ ಮೆರೆಯುತ್ತಿದ್ದ ದಾಂತೆಸ್ ನಡುಗಿಹೋಗಿ ಮತ್ತೆ ಅದೇ ಸೆರೆಮನೆಗೆ, ಗುರುವಿನ ಕೋಣೆಗೆ ಬಂದು ನಿಲ್ಲುತ್ತಾನೆ.

ಕಾಂದೋಳಿಯ ಫಾರಿಯಾನ ಬಳಿಗೆ ಹಾಗೆ ಯಾರೂ ಮರಳಿ ಬರಲಿಲ್ಲ. 1819ರಲ್ಲಿ ಅವನ ಪುಸ್ತಕದ ಮೊದಲ ಸಂಪುಟ ಅಚ್ಚಾಯಿತು. ಅದೇ ಸೆಪ್ಟೆಂಬರಿನಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡ. ಗೋರಿಗೆ ಗುರುತು ಉಳಿಯಲಿಲ್ಲ. ಪಣಜಿಯಲ್ಲಿ ಮಾತ್ರ ಅವನು ಇಂದಿಗೂ ನಿಂತಿದ್ದಾನೆ, ಬೆರಳುಗಳಿಂದ ಶಕ್ತಿ ಸುರಿಸುವವನಂತೆ ಕೈ ಚಾಚಿಕೊಂಡು. ಮುಂದಿನ ಸಲ ಆ ಕಡೆ ಹೋದರೆ ಒಂದು ಗಳಿಗೆ ನಿಂತು, ಅವನ ಕೈಗಳನ್ನು ಬಿಟ್ಟು ಆ ಹೆಂಗಸಿನ ಮುಖವನ್ನು ನೋಡಿ.