ಇನ್‌ಸೈಸಿವ್

ವಿಷಯದ ತಿರುಳಿಗೆ ನೇರವಾಗಿ ಇಳಿಯುವ ಬುದ್ಧಿ, ಪ್ರಶ್ನೆ, ವಿಮರ್ಶೆಗಳನ್ನು ಕುರಿತು ಬಳಸುವ ಇಂಗ್ಲಿಷ್ ಗುಣವಾಚಕ. ‘ಶಾರ್ಪ್’ ಎಂಬ ಮೆಚ್ಚುಗೆ ಮಗ್ಗಿಯನ್ನು ತಟ್ಟನೆ ಒಪ್ಪಿಸುವ ಹುಡುಗನಿಗೂ ಸಲ್ಲುತ್ತದೆ. ‘ಇನ್‌ಸೈಸಿವ್’ ಅಷ್ಟು ಸಲೀಸಾಗಿ ಸಿಗುವುದಲ್ಲ. ಹತ್ತು ಜನ ಎಳೆದಾಡಿದ ವ್ಯಾಜ್ಯದಲ್ಲಿ ಒಂದೇ ಪ್ರಶ್ನೆ ಹಾಕಿ, ಗಂಟು ಇಲ್ಲಿದೆ ಎಂದು ತೋರಿಸುವವರಿಗೆ ಅದು ಒಪ್ಪುತ್ತದೆ. ಬರೀ ಚುಚ್ಚುಮಾತಿಗೆ ‘ಕಟಿಂಗ್’ ಎಂಬ ಬೇರೆ ಪದವೇ ಇದೆ.

ಮೂಲ ಲ್ಯಾಟಿನ್. ‘ಇನ್’ ಎಂದರೆ ಒಳಕ್ಕೆ, ‘ಕೈದೆರೆ’ ಎಂದರೆ ಕಡಿ. ಎರಡೂ ಕೂಡಿದರೆ ಒಳಕ್ಕೆ ಕೊಯ್ಯುವುದು. ‘ಡಿಸೈಡ್’, ‘ಪ್ರಿಸೈಸ್’, ‘ಕನ್ಸೈಸ್’ ಇದೇ ಬೇರಿನವು. ನಿರ್ಧಾರಕ್ಕೂ ಕಡಿಯುವುದಕ್ಕೂ ಏನು ಸಂಬಂಧ ಎಂದು ಕನ್ನಡಿಗರು ಬೆರಗಾಗಬೇಕಿಲ್ಲ. ಕಡ್ಡಿ ತುಂಡು ಮಾಡಿದ ಹಾಗೆ ಹೇಳುವುದು ನಮ್ಮಲ್ಲೂ ಉಂಟು.

ಪದ ಇಂಗ್ಲಿಷಿಗೆ ಬಂದಾಗ ಬುದ್ಧಿಯ ಸುದ್ದಿಯೇ ಇರಲಿಲ್ಲ. ಮೊದಲ ಅರ್ಥ ಕೊಯ್ಯುವಂಥದ್ದು ಎಂದಷ್ಟೆ. ಹಳೆಯ ವೈದ್ಯಗ್ರಂಥಗಳಲ್ಲಿ ಗಟ್ಟಿ ಕಫವನ್ನು ಕಡಿದು ಹೊರಹಾಕುವ ಮದ್ದಿಗೂ ಇದೇ ವಿಶೇಷಣ. ಆಯುರ್ವೇದದ ಶಾರ್ಙ್ಗಧರ ಸಂಹಿತೆಯೂ ಅಂಟಿಕೊಂಡ ಕಫಾದಿಗಳನ್ನು ಬಲವಾಗಿ ಕೀಳುವ ದ್ರವ್ಯಗಳನ್ನು ‘ಛೇದನ’ ಎಂದು ಕರೆದು ಕ್ಷಾರ, ಮೆಣಸು, ಶಿಲಾಜಿತುಗಳ ಉದಾಹರಣೆ ಕೊಡುತ್ತದೆ. ನೆಗಡಿಗೆ ಕುಡಿಯುವ ಮೆಣಸಿನ ಕಷಾಯವೂ ಒಂದು ಕಾಲಕ್ಕೆ ‘ಇನ್‌ಸೈಸಿವ್’ ಅನ್ನಿಸಿಕೊಳ್ಳಬಹುದಿತ್ತು! ಬುದ್ಧಿಗೆ ಸಂಬಂಧಿಸಿದ ಅರ್ಥ ನೆಲೆಗೊಂಡದ್ದು 19ನೇ ಶತಮಾನದ ನಡುಭಾಗದಲ್ಲಿ.

ಅದೇ ಬೇರಿನ ಇನ್ನೊಂದು ಪದ ‘ಇನ್‌ಸೈಸರ್’, ಅಂದರೆ ಬಾಚಿಹಲ್ಲು. ಇದನ್ನು ಹತ್ತಿರದಿಂದ ನೋಡಬೇಕಾದರೆ ಮಳವಳ್ಳಿ ತಾಲ್ಲೂಕಿನ ಬಂಡೂರಿನ ಕಡೆ ಹೋಗಬೇಕು. ಮಂಡ್ಯ ಕುರಿ, ಬನ್ನೂರು ಕುರಿ ಎಂದೂ ಹೆಸರಾದ ಗಿಡ್ಡ ಕಾಲಿನ, ದುಂಡು ಮೈಯ ಬಂಡೂರು ಕುರಿಯ ಊರು ಅದು. ಕುರಿ ಕೊಳ್ಳಲು ಬಂದವರು ಬೆನ್ನು ಅದುಮಿ ನೋಡಿದ ಮೇಲೆ ಹೆಬ್ಬೆರಳಿನಿಂದ ಕೆಳದುಟಿ ಇಳಿಸುತ್ತಾರೆ. ಕುರಿಗೆ ಮೇಲುದವಡೆಯಲ್ಲಿ ಬಾಚಿಹಲ್ಲೇ ಇಲ್ಲ, ಗಟ್ಟಿ ವಸಡು ಮಾತ್ರ, ಕೆಳಗೆ ಎಂಟು. ಒಂದು, ಒಂದೂವರೆ ವರ್ಷಕ್ಕೆ ನಡುವಿನ ಎರಡು ಹಾಲುಹಲ್ಲು ಬಿದ್ದು ಅಗಲವಾದ ಹಲ್ಲು ಬಂದರೆ ಅದು ‘ಎರಡು ಹಲ್ಲಿನದು’. ಆಮೇಲೆ ನಾಲ್ಕು, ಆರು. ಸುಮಾರು ನಾಲ್ಕು ವರ್ಷಕ್ಕೆ ಎಂಟೂ ಬಂದು ಬಾಯಿ ಕೂಡುತ್ತದೆ. ಮಾರುವವರು ಹೇಳುವ ವಯಸ್ಸು ಏನೇ ಇರಲಿ, ಹಲ್ಲು ಸುಳ್ಳು ಹೇಳುವುದು ಕಡಮೆ.

‘ಬಾಚಿ’ ಎಂದರೆ ಮರ ಕೆತ್ತುವ ಬಡಗಿಯ ಹತಾರ. ಲ್ಯಾಟಿನ್ನಿನವರು ಹಲ್ಲಿನಲ್ಲಿ ಕೊಯ್ಯುವ ಸಾಧನ ಕಂಡಂತೆ ಕನ್ನಡಿಗರೂ ಕಂಡಿದ್ದರು. ಆದರೆ ಅದನ್ನು ಹಲ್ಲಿನಿಂದ ತಲೆಗೆ ಏರಿಸಲಿಲ್ಲ. ತಲೆಗೆ ನಮ್ಮ ಮಾತು ‘ಚುರುಕು’. ಅದರ ಜಾಡು ಹಿಡಿದರೆ ಸಿಗುವುದು ಅಲಗಲ್ಲ, ಬಿಸಿ. ಬಿಸಿಲು ಚುರುಕಾಗುತ್ತದೆ, ಕೆಂಡ ತಾಗಿದರೆ ಚುರ್ ಎನ್ನುತ್ತದೆ. ‘ಜಾಣ’ ಪದ ತಿಳಿವಿನ ಮೂಲದ್ದು: ಸಂಸ್ಕೃತದ ‘ಜ್ಞಾ’ ಧಾತುವಿನಿಂದ ಪ್ರಾಕೃತದ ಹಾದಿಯಲ್ಲಿ ಬಂದದ್ದು. ಇಂಗ್ಲಿಷಿನ ‘ನೋ’ ಅದಕ್ಕೆ ದೂರದ ದಾಯಾದಿ.

ಮೊನೆಯ ಉಪಮೆ ನಮಗೆ ಸಿಕ್ಕಿದ್ದು ಸಂಸ್ಕೃತದಿಂದ. ‘ಕುಶಾಗ್ರಮತಿ’ ಎಂದರೆ ದರ್ಭೆಯ ತುದಿಯಂಥ ಬುದ್ಧಿ. ‘ಕುಶಾಗ್ರ’ಕ್ಕೆ ಹೋಲಿಕೆಯ ಅರ್ಥದಲ್ಲಿ ಹತ್ತುವ ಪ್ರತ್ಯಯಕ್ಕೆಂದೇ ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ (5.3.105) ಸೂತ್ರವಿದೆ. ಕಾಳಿದಾಸನ ರಘುವಂಶದ 5ನೇ ಸರ್ಗದಲ್ಲಿ ರಘು ಕೌತ್ಸನನ್ನು ‘ಕುಶಾಗ್ರಬುದ್ಧಿ’ ಎಂದೇ ಸಂಬೋಧಿಸುತ್ತಾನೆ. ‘ಕುಶಲ’ವನ್ನೂ ಹಳೆಯ ವ್ಯಾಖ್ಯಾನಕಾರರು ಈ ಹುಲ್ಲಿಗೇ ಕಟ್ಟುತ್ತಾರೆ: ಕೈ ಕೊಯ್ದುಕೊಳ್ಳದೆ ದರ್ಭೆ ತರಬಲ್ಲವನು.

ಪತ್ರಿಕೆಗಳಲ್ಲಿ ‘ಇನ್‌ಸೈಸಿವ್’ಗೆ ‘ತೀಕ್ಷ್ಣ’ ಎಂದು ಬರೆಯುವ ರೂಢಿ ಇದೆ. ಮೂಲದಲ್ಲಿ ಅದೂ ಹರಿತವೇ. ಆದರೆ ಇವತ್ತಿನ ಕಿವಿಗೆ ಅದರಲ್ಲಿ ಕೋಪದ ಖಾರ ಹೆಚ್ಚು. ‘ತೀಕ್ಷ್ಣ ಪ್ರತಿಕ್ರಿಯೆ’ ಎಂದರೆ ಯಾರೋ ರೇಗಿದ್ದಾರೆ ಎಂದೇ ಓದುಗರು ತಿಳಿಯುತ್ತಾರೆ. ‘ಒಳಹೊಕ್ಕು ನೋಡುವ’ ಎಂದರೆ ಪದ ಉದ್ದವಾದರೂ ಅರ್ಥ ಕೂರುತ್ತದೆ.

ಎದುರು ಪದದಲ್ಲಿ ದಾರಿಗಳು ಇನ್ನೂ ಬೇರೆ. ಇಂಗ್ಲಿಷಿನಲ್ಲಿ ‘ಡಲ್’ ಆದ ಚಾಕು ಕೊಯ್ಯುವುದಿಲ್ಲ, ‘ಡಲ್’ ಹುಡುಗನಿಗೆ ಪಾಠ ಹತ್ತುವುದಿಲ್ಲ. ಮಂಡ್ಯದ ಕಡೆ ಮೊಂಡಾದ ಕುಡ್ಲು ಕಬ್ಬಿನ ಸೋಗೆ ಕೊಯ್ಯದಿರಬಹುದು. ಮೊಂಡ ಹುಡುಗ ಮಾತ್ರ ದಡ್ಡನಲ್ಲ, ಹೇಳಿದ ಮಾತು ಕೇಳುವುದಿಲ್ಲ, ಅಷ್ಟೆ.